ಕುರ್ವೆಯ ಪ್ರೇಮಕಥೆ ಮತ್ತು ನಾನು ನೋಡದೇ ಬಿಟ್ಟ ನೀರು

ಶಿರಸಿಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು ನನ್ನ ಕೆಲಸ. ಮದುವೆ ಕಾಗದ, ಸಂಘದ ವರದಿ, ವರ್ಷಕ್ಕೆ ನಾಲ್ಕಾರು ಪುಸ್ತಕ. ಕಳೆದ ವರ್ಷ ಒಂದು ಕಾದಂಬರಿ ಬಂತು. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆ ಹತ್ತಿರದ ಒಂದು ಕುರ್ವೆಯಲ್ಲಿ ನಡೆಯುವ ಈಗಿನ ಕಾಲದ ಪ್ರೇಮಕಥೆ. (ಕುರ್ವೆ ಅಂದರೆ ಹೊಳೆ ನಡುವಿನ ನಡುಗಡ್ಡೆ, ಘಟ್ಟದ ಮೇಲಿನ ನನಗೂ ಇದು ಮದುವೆಯಾದ ಮೇಲೇ ಗೊತ್ತಾಗಿದ್ದು.) ಹುಡುಗಿ ಬೆಂಗಳೂರು ಬಿಟ್ಟು ಅಜ್ಜಿ ಮನೆಗೆ ಬರುತ್ತಾಳೆ. ಹುಡುಗ ಜನರನ್ನು ಹೊಳೆ ದಾಟಿಸುವ ತಾರಿ ದೋಣಿ ನಡೆಸುತ್ತಾನೆ. ಐವತ್ತು ಮನೆಯ ಊರು, ದೋಣಿಯಲ್ಲಿ ಯಾರ ಪಕ್ಕ ಯಾರು ಕೂತರು ಅನ್ನುವ ಸುದ್ದಿ ದೋಣಿಗಿಂತ ಮೊದಲೇ ದಡ ಮುಟ್ಟಿರುತ್ತದೆ. ಕಾದಂಬರಿಕಾರ್ತಿ ಚೆನ್ನಾಗಿ ಬರೆದಿದ್ದಳು, ಸುಳ್ಳು ಹೇಳಬಾರದು.

ನಾನೂ ಜಾಣತನ ತೋರಿಸಿದೆ. ಏಳನೇ ಅಧ್ಯಾಯದಲ್ಲಿ ಹುಡುಗನ ಅಣ್ಣ ಜುಲೈ ತಿಂಗಳಲ್ಲಿ ಟ್ರಾಲರ್ ಹತ್ತಿ ಮೀನಿಗೆ ಹೋಗುತ್ತಾನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ ಇರುತ್ತದಲ್ವಾ, ಅವನನ್ನು ನಾಡದೋಣಿಗೆ ಕಳಿಸಿ ಅಂತ ಅಂಚಿನಲ್ಲಿ ಬರೆದೆ. ಜಂಭ ಬಂತು. ಅಲ್ಲಿಂದ ಮುಂದೆ ಸುಮ್ನೆ ಒತ್ತಕ್ಷರ, ದೀರ್ಘ ಅಷ್ಟನ್ನೇ ನೋಡಿಕೊಂಡು ಹೋದೆ.

ನಾಲ್ಕು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಗುಂಪು) ಪುಟ ಕಟ್ಟಿಯೂ ಆಗಿತ್ತು. ಅಂದು ಪ್ರೂಫ್ ಮನೆಗೆ ತಂದಿದ್ದೆ. ನಮ್ಮತ್ತೆಯ ತವರು ಕುಮಟೆ ಬದಿ, ಹೊಳೆಯಂಚಿನ ಮನೆ. ಜಗಲಿಯಲ್ಲಿ ಕೂತು ನಾಲ್ಕು ಹಾಳೆ ಓದಿದವರು ಕನ್ನಡಕ ತೆಗೆದರು.

"ಇದೆಂಥಾ ಹೊಳೆಯೇ ತಂಗಿ? ದಿನಾ ಸಂಜೆ ಆರಕ್ಕೇ ಭರತ ಬರ್ತದಾ? ಇದೇನು ಬಸ್ಸಾ?"

ನನಗೆ ನಾಚಿಕೆಯಾಯಿತು. ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ, ಅವುಗಳ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಅಂತ ಶಾಲೆಯಲ್ಲೇ ಓದಿದ್ದೆ. ಆದರೂ ಹದಿನಾಲ್ಕು ಅಧ್ಯಾಯ ಪೂರ್ತಿ, ಇಬ್ಬರೂ ಸಿಗುವಾಗೆಲ್ಲ ಸಂಜೆ ಆರು ಗಂಟೆ, ಹೊಳೆ ತುಂಬಿ ತುಳುಕುವುದು. ನಾನು ಅದರಲ್ಲಿ 'ತುಳುಕುವ' ಸರಿ ಇದೆಯಾ ಅಂತ ಮಾತ್ರ ನೋಡಿದ್ದೆ!

ಅತ್ತೆ ಅಷ್ಟಕ್ಕೇ ಬಿಡಲಿಲ್ಲ. ಕಥೆಯ ಮುಖ್ಯ ಜಾಗ ಇರುವುದು ಹುಣ್ಣಿಮೆ ಸಂಜೆ. ಚಂದ್ರ ಮೇಲೆ ಬರುತ್ತಿದ್ದಾನೆ, ತುಂಬಿದ ನೀರಲ್ಲಿ ದೋಣಿ, ಅವಳು ಮನಸ್ಸಿನ ಮಾತು ಹೇಳುತ್ತಾಳೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗೆ ದೊಡ್ಡ ಭರತ ಬರುವುದು ಮಧ್ಯಾಹ್ನ, ಮಧ್ಯರಾತ್ರಿ ಸುಮಾರಿಗೆ. ಚಂದ್ರ ಹುಟ್ಟುವ ಹೊತ್ತಿಗೆ ಪೂರ್ತಿ ಇಳಿತ. ದಡದ ಪಕ್ಕ ಬರೀ ರಾಡಿ, ಅದರಲ್ಲಿ ಬಗ್ಗಿ ಬಳಚು (ತಿನ್ನುವ ಚಿಪ್ಪುಮೀನು) ಹೆಕ್ಕುವ ಹೆಂಗಸರು. ಸಂಜೆ ಆರಕ್ಕೆ ಭರತ ಬೇಕಾದರೆ ಅಷ್ಟಮಿ ಸುಮಾರಿಗೆ ಕಾಯಬೇಕು, ಆಗ ನೀರೂ ಅಷ್ಟೊಂದು ಏರುವುದಿಲ್ಲ.

ಹೆದರಿಕೊಂಡೇ ಫೋನ್ ಮಾಡಿದೆ. ಕಾದಂಬರಿ ಬರೆದವಳಿಗೆ ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ, ಅವಳು ಒಂದು ನಿಮಿಷ ಸುಮ್ಮನಿದ್ದು, "ಹಾಗಾದ್ರೆ ದೋಣಿ ದಡಕ್ಕೇ ಬರೋದಿಲ್ಲ ಅಲ್ವಾ ಅಕ್ಕಾ" ಅಂದಳು. ಪ್ರೆಸ್ಸಿನ ಯಜಮಾನರಿಗೆ ಮಾತ್ರ ಬಂತು. ನಾಲ್ಕು ಫಾರಂ ಮತ್ತೆ ಕಟ್ಟಬೇಕಾಯಿತು. ಆ ಪುಟಗಳ ಎರಡನೇ ಪ್ರೂಫಿಗೆ ನಾನು ದುಡ್ಡು ಕೇಳಲಿಲ್ಲ, ಕೇಳುವ ಮುಖವೂ ಇರಲಿಲ್ಲ.

ಈಗ ಯಾವ ಕಥೆ ಬಂದರೂ ಮೊದಲು ಗೋಡೆಯ ಕ್ಯಾಲೆಂಡರ್ ಇಳಿಸಿ ಒಂದು ಹಾಳೆಯಲ್ಲಿ ಗೆರೆ ಹೊಡೆಯುತ್ತೇನೆ: ಅಧ್ಯಾಯ, ತಿಥಿ, ಹೊತ್ತು, ನೀರು ಎಲ್ಲಿದೆ. ಘಟ್ಟದ ಮೇಲಿನ ಕಥೆಯಾದರೆ ನೀರಿನ ಬದಲು ಅಡಿಕೆ ಕೊಯ್ಲು. ಅಕ್ಷರ ನೋಡುವುದು ಆಮೇಲೆ.

ಹೊಸದಾಗಿ ಬರೆದ ಹುಣ್ಣಿಮೆ ಸಂಜೆಯಲ್ಲಿ ಅವಳು ಮೊಣಕಾಲು ಮುಳುಗುವ ರಾಡಿಗೆ ಇಳಿಯುತ್ತಾಳೆ. ಬಳಚು ಹೆಕ್ಕುವವರೆಲ್ಲ ನೋಡುತ್ತಿದ್ದಾರೆ. ಒಂದು ಚಪ್ಪಲಿ ಒಳಗೇ ಉಳಿಯುತ್ತದೆ, ಅವನು ಮೊಣಕೈವರೆಗೆ ಕೈ ಹಾಕಿ ತಡಕುತ್ತಾನೆ, ಮಾತು ಅಲ್ಲಿ ಶುರುವಾಗುತ್ತದೆ. ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಕಾದಂಬರಿ ಬರೆದವಳ ಮೆಸೇಜ್ ಬಂತು: "ಅಕ್ಕಾ, ಚಪ್ಪಲಿ ಸಿಗಬೇಕಾ, ಬೇಡ್ವಾ?"

ಅತ್ತೆಯನ್ನು ಕೇಳಿದೆ. "ಆ ರಾಡಿಲಿ ಹೋದದ್ದು ಎಲ್ಲಿ ಸಿಗ್ತದೆ, ಬರಿಗಾಲಲ್ಲೇ ಮನೆಗೆ ಕಳ್ಸು ಅವಳನ್ನ" ಅಂದರು.