ಕೇಪಿನ ಕೋವಿಯ ಮರಕ್ಕೆ ತಿಳಿ ಬಣ್ಣ ಬೇಕಾದರೆ

ಹಳೆ ಕೋವಿಯ ಮರ ತಿಳಿ ಬಣ್ಣಕ್ಕೆ ಬರಬೇಕಾದರೆ ಪಾಲಿಶ್ ಡಬ್ಬ ತೆರೆಯುವುದು ಕೊನೆಯ ಕೆಲಸ. ಕೊಡಗಿನ ಒಂದು ಕೋವಿ ರಿಪೇರಿ ಅಂಗಡಿಯಲ್ಲಿ ಮರದ ಕೆಲಸ ನನ್ನದು. ಅಜ್ಜನ ಕಾಲದ ಕೇಪಿನ ಕೋವಿ (ಸಣ್ಣ ಕೇಪು ಸಿಡಿದು ಒಳಗಿನ ಮದ್ದಿಗೆ ಬೆಂಕಿ ಹತ್ತುವ ಕೋವಿ) ತಂದು, "ಈ ಕಪ್ಪು ತೆಗೆದು ಲೈಟ್ ಕಲರ್ ವಾರ್ನಿಷ್ ಹೊಡೆದುಬಿಡಿ, ಆಯ್ತಲ್ವಾ?" ಅನ್ನುವವರು ಜಾಸ್ತಿ. ಅಷ್ಟು ಸುಲಭ ಅಲ್ಲ.

ಕೋವಿಯ ಲೈಸೆನ್ಸ್ ಅಥವಾ ಲೈಸೆನ್ಸ್ ಬೇಡವೆಂಬ ವಿನಾಯಿತಿ ಪತ್ರ ನೋಡಿದ ಮೇಲೆ ನಾನು ಮೊದಲು ಮಾಡುವುದು ನಳಿಗೆಯೊಳಗೆ ಕೋಲು ಇಳಿಸುವುದು. ಎಷ್ಟು ಆಳ ಹೋಯಿತು ಅಂತ ಬೆರಳಲ್ಲಿ ಹಿಡಿದು, ಅದೇ ಕೋಲನ್ನು ನಳಿಗೆಯ ಹೊರಗೆ ಇಟ್ಟು ನೋಡುತ್ತೇನೆ. ತುದಿ ಕೇಪು ಕೂರುವ ಜಾಗದ ತನಕ ಬರಲಿಲ್ಲವೆಂದರೆ ಒಳಗೆ ಏನೋ ಇದೆ. ನಳಿಗೆಯ ಬಾಯಿಂದ ಮದ್ದು ತುಂಬುವ ಇಂಥ ಕೋವಿಯಲ್ಲಿ ಮದ್ದು ವರ್ಷಗಟ್ಟಲೆ ಹಾಗೇ ಕೂತಿರಬಹುದು. ಉಪ್ಪುಕಾಗದ ಎಲ್ಲ ಆಮೇಲೆ.

ಇನ್ನು ಆ ಕಪ್ಪು. ಅದೆಲ್ಲಾ ಪಾಲಿಶ್ ಅಲ್ಲ. ಕೇಪಿನ ಮೇಲೆ ಬಡಿಯುವ ಕುದುರೆಯ ಹಿಂದಿನ ಮರ ಕಪ್ಪಾಗಿದ್ದರೆ ಅದು ಕಬ್ಬಿಣಕ್ಕೆ ಹಾಕಿದ ಎಣ್ಣೆ ಇಳಿದದ್ದು. ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಮೆತ್ತಿದರೆ, ಒಣಗುತ್ತಾ ಎಣ್ಣೆ ಹೀರುತ್ತದೆ. ಒಂದೇ ಸಲಕ್ಕೆ ಹೋಗುವುದಿಲ್ಲ. ಸ್ಕ್ರೂ ಸುತ್ತ ನೀಲಿಗಪ್ಪು ಕಲೆ ಇದ್ದರೆ ಕಥೆ ಬೇರೆ. ಅದು ವಾಲ್‌ನಟ್ ಮರದ ಟ್ಯಾನಿನ್ (ಒಗರಿನ ಅಂಶ), ಕಬ್ಬಿಣ, ನೀರು ಮೂರೂ ಸೇರಿ ಆದದ್ದು. ಅದಕ್ಕೆ ಆಕ್ಸಾಲಿಕ್ ಆಸಿಡ್ ಬೇಕು. ಅದು ವಿಷ, ಗ್ಲೌಸ್ ಹಾಕಿಕೊಂಡೇ ಹಚ್ಚಬೇಕು, ಕಲೆ ಹೋದ ಮೇಲೆ ಚೆನ್ನಾಗಿ ತೊಳೆಯಬೇಕು. ಒದ್ದೆ ಮರದ ಮೇಲೆ ಸ್ಟೀಲ್ ವೂಲ್ ಉಜ್ಜಿದರೆ ಅದೇ ಕಲೆ ಮತ್ತೆ ಬಂದೀತು.

ಉಜ್ಜುವಾಗ ಲೋಹದ ಪಟ್ಟಿಯ ಸುತ್ತ ಕೈ ಹಗುರ ಇರಲಿ. ಅಲ್ಲಿ ಮರ ಕಬ್ಬಿಣಕ್ಕಿಂತ ಕೂದಲೆಳೆಯಷ್ಟು ಎತ್ತರ ನಿಲ್ಲಬೇಕು. ತಗ್ಗಿದರೆ ಯಾವ ಪಾಲಿಶ್ ಹಾಕಿದರೂ ಕೋವಿ ಸವೆದಂತೆ ಕಾಣುತ್ತದೆ.

ಮರ ಶುದ್ಧವಾದ ಮೇಲೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಿ ಗಿರಾಕಿಯನ್ನು ಕರೆಯುತ್ತೇನೆ. ಒದ್ದೆ ಇರುವಾಗ ಕಾಣುವ ಬಣ್ಣವೇ ಸುಮಾರಾಗಿ ಕೊನೆಯ ಬಣ್ಣ. ಅದಕ್ಕಿಂತ ತಿಳಿ ಬೇಕೆಂದರೆ ಆ ಮರದಿಂದ ಬರುವುದಿಲ್ಲ ಅಂತ ಅಲ್ಲೇ ಹೇಳಿಬಿಡುತ್ತೇನೆ.

ಅಗಸೆ ಎಣ್ಣೆ ನನಗೆ ತುಂಬಾ ಇಷ್ಟ. ಗೀರು ಬಿದ್ದರೆ ಮನೆಯಲ್ಲೇ ಎರಡು ಹನಿ ಹಚ್ಚಿ ತಿಕ್ಕಬಹುದು. ಆದರೆ ಅದು ಮರವನ್ನು ಗಾಢ ಮಾಡುತ್ತದೆ, ವರ್ಷ ಕಳೆದಂತೆ ಹಳದಿಗೂ ತಿರುಗುತ್ತದೆ. ಬಿಳಿ ಅರಗಿನ (ಶೆಲ್ಯಾಕ್) ಪಾಲಿಶ್ ಮರದ ಬಣ್ಣ ಬದಲಿಸುವುದು ಕಡಿಮೆ. ಗೋಡೆಗೆ ತೂಗುವ ಕೋವಿಗೆ ಅದರ ಮೇಲೆ ಮೇಣ ಹಚ್ಚಿದರೆ ಸಾಕು. ಗುಂಡು ಹಾರಿಸುವ ಕೋವಿಗೆ ಅದೊಂದೇ ನಿಲ್ಲುವುದಿಲ್ಲ. ಕರಿ ಮದ್ದಿನ ಮಸಿ ತೇವ ಹೀರಿ ಕಬ್ಬಿಣ ತಿನ್ನುತ್ತದೆ, ಹಾಗಾಗಿ ನಳಿಗೆಯನ್ನು ಬಿಸಿನೀರಿನಲ್ಲಿ ತೊಳೆಯುತ್ತಾರೆ. ಆ ನೀರು ತಾಗಿದಲ್ಲಿ ಅರಗು ಬೆಳ್ಳಗಾಗುತ್ತದೆ. ಅಂಥದ್ದಕ್ಕೆ ನಾನು ಮೊದಲು ಅರಗಿನ ಒಂದು ತೆಳು ಕೋಟ್ ಕೊಟ್ಟು, ಅದರ ಮೇಲೆ ಎಣ್ಣೆಯನ್ನು ತೆಳುವಾಗಿ ತಿಕ್ಕುತ್ತೇನೆ. ಅರಗು ಅಡ್ಡ ಇರುವುದರಿಂದ ಎಣ್ಣೆ ಆಳಕ್ಕೆ ಇಳಿಯುವುದಿಲ್ಲ, ಮರ ಅಷ್ಟು ಕಪ್ಪಾಗುವುದಿಲ್ಲ. ಹೆಗಲಿಗೆ ಒರಗುವ ತುದಿಯ ಕೊಯ್ದ ಮುಖ ಎಲ್ಲಕ್ಕಿಂತ ಜಾಸ್ತಿ ಕುಡಿಯುತ್ತದೆ, ಅಲ್ಲಿಗೆ ಅರಗು ಇನ್ನೊಂದು ಕೋಟ್. ನಳಿಗೆ ಕೂರುವ ಕಾಲುವೆಗೂ ಬಳಿಯಬೇಕು. ಕಣ್ಣಿಗೆ ಬೀಳದ ಜಾಗ ಅಂತ ಬಿಟ್ಟರೆ ತೇವ ಅಲ್ಲಿಂದಲೇ ನುಗ್ಗುತ್ತದೆ. ಪಿಯು (ಪಾಲಿಯುರೆಥೇನ್) ವಾರ್ನಿಷ್‌ನ ಹೊಳಪು ಕೇಳುವವರೂ ಇದ್ದಾರೆ. ಹಳೆ ಕೋವಿಗೆ ಅದು ನನ್ನ ಕಣ್ಣಿಗೆ ಹೊಂದುವುದಿಲ್ಲ, ಚಕ್ಕೆ ಎದ್ದರೆ ಪೂರ್ತಿ ಕೆರೆಯಬೇಕು.

ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ತಲೆನೋವು ಅಂದರೆ ಈ ಕೆಲಸ ಯಾವ ತಿಂಗಳಲ್ಲಿ ಮಾಡುವುದು ಅನ್ನುವುದು. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹಿಡಿದು ಗಟ್ಟಿಯಾಗುವಂಥದ್ದು, ನಮ್ಮ ಮಳೆಗಾಲದ ಥಂಡಿಯಲ್ಲಿ ಅಂಟಂಟಾಗಿಯೇ ಉಳಿಯುತ್ತದೆ. ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್ ಸೆಪ್ಟೆಂಬರ್ ಮೊದಲಲ್ಲಿ, ಕೋವಿಗೆ ಪೂಜೆ, ನಳಿಗೆಗೆ ತೋಕ್ ಪೂ ಅನ್ನುವ ಹೂ. ಎಲ್ಲರಿಗೂ ಆಗಸ್ಟ್‌ನಲ್ಲೇ ಆಗಬೇಕು. ಹಬ್ಬಕ್ಕೆ ಸುಮ್ನೆ ಒರೆಸಿ ಮೇಣ ಹಾಕಿಕೊಟ್ಟು, ಜನವರಿಯಲ್ಲಿ ತನ್ನಿ ಅನ್ನುತ್ತೇನೆ. ಕೆಲವರು ತರುತ್ತಾರೆ. ಕೆಲವರಿಗೆ ಅಷ್ಟರಲ್ಲಿ ಆ ಕಪ್ಪೇ ಇಷ್ಟವಾಗಿರುತ್ತದೆ.