ಪಾದರಸದ ಕೊಳವೆ ಮತ್ತು ಕೆರೆಯ ನೀರು

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ವಿಜ್ಞಾನದ ಮಾಸ್ತರರು ಒಂದು ಮೀಟರ್ ಉದ್ದದ ಗಾಜಿನ ಕೊಳವೆಗೆ ಪಾದರಸ ತುಂಬಿ, ಬಾಯಿಗೆ ಬೆರಳೊತ್ತಿ, ಬಟ್ಟಲಿನಲ್ಲಿ ಬೋರಲಾಗಿ ನಿಲ್ಲಿಸಿ ತೋರಿಸಿದ್ದರು. ಪುಸ್ತಕದಲ್ಲಿ 76 ಸೆಂಟಿಮೀಟರ್ ಎಂದಿತ್ತು. ಪಾದರಸ 71ರ ಆಸುಪಾಸಿನಲ್ಲಿ ನಿಂತಿತು. ಪ್ರಯೋಗ ಕೆಟ್ಟಿತೆಂದು ನಾವು ಹಿಂದಿನ ಬೆಂಚಿನವರು ಮುಸಿಮುಸಿ ನಕ್ಕೆವು. ಅವರು ಸಿಟ್ಟಾಗಲಿಲ್ಲ. ನಮ್ಮ ಹಾವೇರಿ ಸೀಮೆ ಸಮುದ್ರಮಟ್ಟದಿಂದ 550 ಮೀಟರಿಗೂ ಎತ್ತರದಲ್ಲಿದೆ, 76 ಎನ್ನುವುದು ಕಾರವಾರದ ಕಡಲ ದಂಡೆಯ ಲೆಕ್ಕ ಎಂದು ತಿಳಿಸಿ, ಪಾದರಸ ನೀರಿಗಿಂತ 13.6 ಪಟ್ಟು ಭಾರವಾದ್ದರಿಂದ 71ನ್ನು 13.6ರಿಂದ ಗುಣಿಸಲು ಹಚ್ಚಿದರು. ಉತ್ತರ ಒಂಬತ್ತೂವರೆ ಮೀಟರಿಗಿಂತ ತುಸು ಹೆಚ್ಚು ಬಂತು. ದಂಡೆಯ ಮೇಲೆ ಕುಳಿತ ಯಾವ ಪಂಪೂ ನಮ್ಮೂರಿನಲ್ಲಿ ಇದಕ್ಕಿಂತ ಆಳದ ನೀರನ್ನು ಸೆಳೆಯಲಾರದು, ಬರೆದಿಟ್ಟುಕೊಳ್ಳಿರಿ ಎಂದರು. ನಾನು ಬರೆದಿಟ್ಟುಕೊಂಡೆ, ಪರೀಕ್ಷೆ ಮುಗಿದ ಮೇಲೆ ಮರೆತೂಬಿಟ್ಟೆ.

ಆ ಲೆಕ್ಕ ಮತ್ತೆ ನನ್ನೆದುರು ಬಂದು ನಿಂತದ್ದು ಅಗ್ನಿಶಾಮಕನಾಗಿ ಆಯ್ಕೆಗೊಂಡು ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿರುವ ಆರ್. ಎ. ಮುಂಡ್ಕೂರ್ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಅಕಾಡೆಮಿಗೆ ತರಬೇತಿಗೆಂದು ಹೋದಾಗ. ಈ ಅಕಾಡೆಮಿಯ ಬಗ್ಗೆ ಹೇಳುವ ಮೊದಲು, ನಿಮ್ಮ ಪಗಾರ ಪುರಸಭೆಯಿಂದ ಬರುತ್ತದೆಯೇ ಎಂದು ಊರಿಗೆ ಬಂದಾಗಲೆಲ್ಲ ಹಿರಿಯರು ನನ್ನನ್ನು ಕೇಳುವ ಪ್ರಶ್ನೆಗೆ ಇಲ್ಲಿಯೇ ಉತ್ತರ ಕೊಡುತ್ತೇನೆ. ನಮ್ಮ ಪಗಾರ ಪುರಸಭೆಯಿಂದ ಬರುವುದಿಲ್ಲ. ಮುಂಬಯಿಯಲ್ಲಿ ಅಗ್ನಿಶಾಮಕ ದಳ ಮಹಾನಗರ ಪಾಲಿಕೆಯದು; ಸಂವಿಧಾನದ 12ನೆಯ ಅನುಸೂಚಿಯೂ ಈ ಸೇವೆಯನ್ನು ನಗರಾಡಳಿತದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿದೆ. ಆದರೆ ಆಗಿನ ಮೈಸೂರು ರಾಜ್ಯ 1964ರಲ್ಲಿಯೇ ಕಾಯ್ದೆ ಮಾಡಿ ಇಡೀ ರಾಜ್ಯಕ್ಕೆ ಒಂದೇ ಅಗ್ನಿಶಾಮಕ ದಳವನ್ನು ಕಟ್ಟಿತು. ಹೀಗಾಗಿ ತಾಲ್ಲೂಕಿನ ಠಾಣೆಗೆ ಆಳು, ಗಾಡಿ, ಸಲಕರಣೆ, ತರಬೇತಿ ಎಲ್ಲವೂ ಬರುವುದು ರಾಜ್ಯದ ಇಲಾಖೆಯಿಂದಲೇ. ಇದರ ಬೆಲೆ ಗೊತ್ತಾಗುವುದು ದೊಡ್ಡ ಬೆಂಕಿ ಬಿದ್ದ ದಿನ. ಪಕ್ಕದ ತಾಲ್ಲೂಕಿನ ಗಾಡಿ ಬಂದು ನಿಂತರೆ ಅದರ 63 ಮಿಲಿಮೀಟರ್ ಹೋಸು ನಮ್ಮ ಹೋಸಿಗೆ ತಕರಾರಿಲ್ಲದೆ ಕೂಡಿಕೊಳ್ಳುತ್ತದೆ, ಅದರ ಜೊತೆ ಬಂದವನು ನಮ್ಮವನು ಹೇಳಿದ್ದನ್ನು ಎರಡನೆಯ ಸಲ ಕೇಳದೆ ಮಾಡುತ್ತಾನೆ, ಏಕೆಂದರೆ ಇಬ್ಬರೂ ಕಲಿತದ್ದು ಒಂದೇ ಪಾಠ.

ಅಕಾಡೆಮಿಯಲ್ಲಿ ಡ್ರಿಲ್ಲಿಗೆ ನಿಂತವನಿಗೆ ಹೆಸರಿಲ್ಲ, ನಂಬರ್ ಮಾತ್ರ. ಒಂದನೆಯವನು ಬ್ರಾಂಚ್, ಅಂದರೆ ನೀರು ಚಿಮ್ಮಿಸುವ ಮೂತಿ, ಹಿಡಿದು ಓಡಿದರೆ ಎರಡನೆಯವನು ಹೋಸು ಬಿಚ್ಚಬೇಕು, ಪಂಪಿನ ಹತ್ತಿರ ನಿಂತವನು ಅಲ್ಲಿಂದ ಕದಲಬಾರದು. ಮರುಕ್ಷಣ ನಂಬರ್ ಬದಲಾದರೆ ಕೆಲಸವೂ ಬದಲಾಗಬೇಕು. ಹಗ್ಗದ ಗಂಟುಗಳನ್ನು ಕಣ್ಣು ಮುಚ್ಚಿ ಹಾಕುವಷ್ಟು ಸಲ ಹಾಕಿಸಿದರು. ಹೊಗೆಯಲ್ಲಿ ಉಸಿರಾಡಲು ಬೆನ್ನಿಗೆ ಕಟ್ಟಿಕೊಳ್ಳುವ ಬಿ.ಎ. ಸೆಟ್ಟಿನ ಸಿಲಿಂಡರ್ 6 ಲೀಟರಿನದಾದರೆ, 300 ಬಾರ್ ಒತ್ತಡದಲ್ಲಿ ತುಂಬಿದಾಗ ಅದರಲ್ಲಿ 1,800 ಲೀಟರ್ ಗಾಳಿ ಇರುತ್ತದೆ, ಮೈಮುರಿದು ದುಡಿಯುವವನು ನಿಮಿಷಕ್ಕೆ 40 ಲೀಟರ್ ಎಳೆದರೆ 45 ನಿಮಿಷದಲ್ಲಿ ಅದು ಬರಿದಾಗುತ್ತದೆ ಎಂಬ ಲೆಕ್ಕವನ್ನು ಹೇಳಿಕೊಟ್ಟ ಮೇಲೆ, ಅದನ್ನೇ ಹಾಕಿಸಿ ಕತ್ತಲೆ ಕೋಣೆಯೊಳಗೆ ಬಿಟ್ಟರು. ನನ್ನ ಜೊತೆಗಿದ್ದ ಬೆಂಗಳೂರಿನ ಹುಡುಗರಿಗೆ ಆ ಕೋಣೆಯಲ್ಲಿ ಹತ್ತಂತಸ್ತಿನ ಕಟ್ಟಡಗಳು ಕಂಡಿರಬೇಕು. ನನಗೆ ನೆನಪಾದದ್ದು ಬ್ಯಾಡಗಿಯ ಮೆಣಸಿನಕಾಯಿ ಗೋದಾಮು. ಒಣಮೆಣಸಿನಕಾಯಿ ಚೀಲಕ್ಕೆ ಬೆಂಕಿ ಹತ್ತಿದರೆ ಉರಿಗಿಂತ ಮೊದಲು ಹೊಗೆಯೇ ಮನುಷ್ಯನನ್ನು ಕೆಡವುತ್ತದೆ ಎನ್ನುವುದನ್ನು, ಒಗ್ಗರಣೆಗೆ ಎರಡು ಮೆಣಸಿನಕಾಯಿ ಹೆಚ್ಚಾದ ದಿನ ಅಡುಗೆಮನೆಯಲ್ಲಿ ಕುಳಿತವರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ.

ಪಂಪಿನ ಪಾಠದ ದಿನ ತರಬೇತುದಾರರು, ಕೆರೆಯ ನೀರು ತಾನಾಗಿ ಮೇಲೆ ಬರುವುದಿಲ್ಲ, ಪಂಪೂ ಅದನ್ನು ಎಳೆಯುವುದಿಲ್ಲ, ಒಳಗಿನ ಗಾಳಿಯನ್ನು ತೆಗೆದರೆ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ದಬ್ಬುತ್ತದೆ ಎಂದರು. ನನಗೆ ತಟ್ಟನೆ ಪಾದರಸದ ಕೊಳವೆ ಕಣ್ಣಿಗೆ ಕಟ್ಟಿತು. ಎಷ್ಟು ಎತ್ತರ ಬರುತ್ತದೆ ಎಂದು ಕೇಳಿದಾಗ ಮಿಕ್ಕವರು ಪುಸ್ತಕದ 10.3 ಮೀಟರ್ ಹೇಳಿದರು; ನಾನು ಎದ್ದು ನಿಂತು ನಮ್ಮೂರಿನಲ್ಲಿ ಒಂಬತ್ತೂವರೆ ಎಂದೆ. ಅವರು ನಕ್ಕು, ಹೋಸಿನೊಳಗಿನ ಘರ್ಷಣೆಯನ್ನೂ ಸಣ್ಣಪುಟ್ಟ ಸೋರಿಕೆಯನ್ನೂ ಕಳೆದು ಏಳೇ ಮೀಟರ್ ಎಂದು ಹಿಡಿದುಕೋ ಎಂದರು. ಆ ಸೋರಿಕೆಯನ್ನು ಕಂಡುಹಿಡಿಯಲು ಡ್ರೈ ವ್ಯಾಕ್ಯೂಮ್ ಟೆಸ್ಟ್ ಎಂಬ ಪರೀಕ್ಷೆಯಿದೆ. ಕೆರೆಗೆ ಇಳಿಸುವ ಸಕ್ಷನ್ ಹೋಸುಗಳನ್ನು ಜೋಡಿಸಿ, ತುದಿಯನ್ನು ಮುಚ್ಚಿ, ಪ್ರೈಮರ್ ಓಡಿಸಿ ಗಾಳಿ ತೆಗೆದು ನಿಲ್ಲಿಸಿದಾಗ ಗೇಜಿನ ಮುಳ್ಳು ಇದ್ದಲ್ಲಿಯೇ ಇರಬೇಕು. ಇಳಿದರೆ ಎಲ್ಲಿಯೋ ಗಾಳಿ ನುಗ್ಗುತ್ತಿದೆ ಎಂದೇ ಅರ್ಥ.

ಇಷ್ಟು ಕಲಿತು ಬಂದವನು ಮೊದಲ ಬೇಸಿಗೆಯಲ್ಲಿಯೇ ಎಡವಿದೆ. ಆಗ ನಾನಿದ್ದ ಠಾಣೆಗೆ ಒಂದು ಮಧ್ಯಾಹ್ನ ಹತ್ತಿರದ ಹಳ್ಳಿಯಿಂದ ಬಣವೆಗೆ ಬೆಂಕಿ ಬಿದ್ದ ಕರೆ ಬಂತು. ಸಾಲಾಗಿ ಒಟ್ಟಿದ್ದ ಬಣವೆಗಳು, ಮೇಲಿಂದ ಗಾಳಿ. ಗಾಡಿಯಲ್ಲಿದ್ದ 4,500 ಲೀಟರ್ ನೀರು ಒಂದೇ ಬ್ರಾಂಚಿನಲ್ಲಿ ಬಿಟ್ಟರೂ ಹತ್ತು ನಿಮಿಷದ ಮಾತು. ಬಣವೆಯಾದರೋ ಮೇಲೆ ಆರಿದಂತೆ ಕಂಡು ಒಳಗೊಳಗೇ ಸುಡುವ ವಸ್ತು, ಕಿತ್ತು ಹರವಿ ತೋಯಿಸದ ಹೊರತು ಬಿಡುವುದಿಲ್ಲ. ಕೆರೆಯ ದಂಡೆಗೆ ಗಾಡಿ ತಂದು ಎರಡು ಸಕ್ಷನ್ ಹೋಸು ಕೂಡಿಸಿ ತುದಿಯ ಜಾಲರಿಯಾದ ಸ್ಟ್ರೈನರನ್ನು ನೀರಿಗೆ ಇಳಿಸಿದೆವು. ಪಂಪು ಕೆಮ್ಮಿತೇ ಹೊರತು ನೀರು ಹಿಡಿಯಲಿಲ್ಲ. ಮತ್ತೆ ಪ್ರೈಮ್ ಮಾಡಿದರೂ ಅಷ್ಟೇ. ದಂಡೆಯ ಮೇಲೆ ನಿಂತಿದ್ದ ಅಜ್ಜ ಒಬ್ಬರು, "ನೀರ ಮುಂದ ನಿಂತು ನೀರಿಲ್ಲ ಅಂತೀರಲ್ರೀ ತಮ್ಮಾ" ಎಂದರು. ಹೋಸು ಕಳಚಿ ಹೋಸು ಕೂಡುವ ಕಪ್ಲಿಂಗಿನ ಒಳಗಂಚಿನ ತೋಡಿನಲ್ಲಿ ಬೆರಳಾಡಿಸಿದೆ. ರಬ್ಬರ್ ವಾಷರ್ ಇರಲಿಲ್ಲ. ಆ ದಿನ ಬೆಳಗ್ಗೆ ಸಲಕರಣೆ ನೋಡುವ ಪಾಳಿ ನನ್ನದೇ ಆಗಿತ್ತು. ಹೋಸುಗಳನ್ನು ಎಣಿಸಿದ್ದೆ, ಒಳಗೆ ನೋಡಿರಲಿಲ್ಲ. ಎರಡನೆಯ ಹೋಸನ್ನು ಬದಿಗಿಟ್ಟು, ಅದರ ವಾಷರನ್ನು ಮೊದಲನೆಯದಕ್ಕೆ ಹಾಕಿ, ಒಂದೇ ಹೋಸು ನೀರಿಗೆ ಎಟಕುವಂತೆ ನಮ್ಮ ಚಾಲಕರು ಗಾಡಿಯನ್ನು ಕೆಸರಿನ ಅಂಚಿನವರೆಗೆ ಇಳಿಸಿದ ಮೇಲೆ ನೀರು ಬಂತು. ಅಷ್ಟರಲ್ಲಿ ಇನ್ನೂ ಮೂರು ಬಣವೆ ಹೋಗಿದ್ದವು. ದನಕರುಗಳ ಒಂದು ವರ್ಷದ ಮೇವು ಎಂದರೆ ಏನೆಂಬುದು ಒಕ್ಕಲುತನದ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ರಾಜ್ಯದಿಂದ ಗಾಡಿ ಬರುತ್ತದೆ, ಪಾಠ ಬರುತ್ತದೆ, ಮರುತರಬೇತಿಗೆ ಕರೆಯೂ ಬರುತ್ತದೆ. ಕಪ್ಲಿಂಗಿನೊಳಗೆ ಬೆರಳಾಡಿಸುವ ಕೆಲಸ ಠಾಣೆಯಲ್ಲಿದ್ದವನದು. ಜಿಲ್ಲೆಯ ಅಧಿಕಾರಿಗಳು ತಪಾಸಣೆಗೆ ಬಂದಾಗ ಕಪಾಟು ತೆರೆದು ಸಲಕರಣೆಯನ್ನು ನೋಡುವುದಷ್ಟೇ ಅಲ್ಲದೆ ಓಡಿಸಿ ತೋರಿಸಲು ಹೇಳುವುದು ಕಿರಿಯರಿಗೆ ಕಿರಿಕಿರಿ ಎನಿಸುತ್ತದೆ. ನನಗೆ ಆ ಬಣವೆಗಳ ನಂತರ ಎಂದೂ ಹಾಗೆನಿಸಿಲ್ಲ. ಡ್ರೈ ವ್ಯಾಕ್ಯೂಮ್ ಟೆಸ್ಟನ್ನು ನಾನು ವಾರಕ್ಕೊಮ್ಮೆ ತಪ್ಪದೆ ಮಾಡಿಸಿ ವಹಿಯಲ್ಲಿ ಬರೆಸುತ್ತೇನೆ.

1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಹಡಗು ಸಿಡಿದು ಮಡಿದ 66 ಮಂದಿ ಅಗ್ನಿಶಾಮಕರ ನೆನಪಿಗೆ ಪ್ರತಿವರ್ಷ ಆ ದಿನದಿಂದ 20ರವರೆಗೆ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆದರೆ ಆ ಹೊತ್ತಿಗೆ ಶಾಲೆಗಳಿಗೆ ರಜೆ ಬಿದ್ದಿರುತ್ತದೆ. ಆದ್ದರಿಂದ ಕಳೆದ ಆಗಸ್ಟಿನಲ್ಲಿ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನಮ್ಮ ಶಾಲೆಯ ಮೈದಾನಕ್ಕೆ ಗಾಡಿ ತಂದೆ. ಪ್ರಯೋಗಾಲಯದ ಕಪಾಟಿನಲ್ಲಿ ಗಾಜಿನ ಕೊಳವೆ ಇನ್ನೂ ಇದೆ; ಪಾದರಸ ಮಾತ್ರ ಇಲ್ಲ. ಮಕ್ಕಳಿಗೆ ಏಳು ಮೀಟರಿನ ಕಥೆ ಹೇಳಿದಾಗ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಬಾವಿ ಹನ್ನೆರಡು ಮೀಟರ್ ಆಳ ಇದ್ರ ಏನ್ ಮಾಡ್ತೀರಿ ಸರ್?" ಎಂದು ಕೇಳಿದಳು. ಆಗ ಮೇಲಿನಿಂದ ಸೆಳೆಯಲು ಬರುವುದಿಲ್ಲ, ಕೆಳಗಿನಿಂದಲೇ ದಬ್ಬಬೇಕು, ಹೊಲದ ಬೋರ್‌ವೆಲ್ಲಿನ ಮೋಟಾರು ಮಾಡುವುದು ಅದನ್ನೇ, ನಾವು ಎಷ್ಟೋ ಸಲ ಹತ್ತಿರದ ರೈತರ ಮೋಟಾರು ಚಾಲೂ ಮಾಡಿಸಿ ಗಾಡಿ ತುಂಬಿಸಿಕೊಳ್ಳುತ್ತೇವೆ ಎಂದೆ. ಅವಳು ಕುಳಿತುಕೊಳ್ಳಲಿಲ್ಲ. "ಕರೆಂಟ್ ಇರದಿದ್ರ?"

ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಮರುದಿನ ಠಾಣೆಗೆ ಹೋದವನೇ, ನಮ್ಮ ವ್ಯಾಪ್ತಿಯ ಯಾವ ಯಾವ ಕೆರೆಗೆ ಗಾಡಿ ನೀರಿನ ಅಂಚಿನವರೆಗೆ ಇಳಿಯುವ ದಾರಿಯಿದೆ ಎಂಬ ಹಳೆಯ ಪಟ್ಟಿಯನ್ನು ತೆಗೆಸಿ, ಒಂದೊಂದನ್ನೇ ನೋಡಿ ಬರಲು ಇಬ್ಬರನ್ನು ಕಳಿಸಿದೆ.