ಗೋಡೆಗೂ ಕಿವಿಯಿದ್ದ ಮನೆ

ಸೇಂಟ್ ಪೀಟರ್ಸ್‌ಬರ್ಗ್‌ನ ಲಿಟೇನಿ ರಸ್ತೆಯಲ್ಲಿ ಒಂದು ಕಮಾನು ದಾಟಿದರೆ ಮರಗಳಿರುವ ಅಂಗಳ. ಅದರಾಚೆ ರಷ್ಯಾದ ಕವಿ ಅನ್ನಾ ಅಖ್ಮಾತೋವಾ ವರ್ಷಗಟ್ಟಲೆ ಬಾಳಿದ ಮನೆ. 1989ರಿಂದ ಅದು ಮ್ಯೂಸಿಯಂ. ಒಳಗೆ ಕಾಲಿಟ್ಟ ಕೂಡಲೇ ಕಂಡಿದ್ದು ನೇತುಹಾಕಿದ ಒಂದು ಕೋಟು. ಆಕೆಯ ಒಂದು ಕಾಲದ ಸಂಗಾತಿ ಪುನಿನ್‌ನದು. 1949ರಲ್ಲಿ ಸೋವಿಯತ್ ಸರ್ವಾಧಿಕಾರಿ ಸ್ಟಾಲಿನ್‌ನ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. 1953ರಲ್ಲಿ ಸೆರೆಶಿಬಿರದಲ್ಲೇ ತೀರಿಕೊಂಡ. ಆ ಕೋಟಿನ ಮುಂದೆ ತುಂಬಾ ಹೊತ್ತು ನಿಂತುಬಿಟ್ಟೆ.

ಗೋಡೆಗೂ ಕಿವಿಯಿದೆ ಅಂತೀವಲ್ಲ, ಇಲ್ಲಿ ಅದು ಬರೀ ಗಾದೆಯಾಗಿರಲಿಲ್ಲ. ಗೆಳತಿ ಲಿಡಿಯಾ ಚುಕೋವ್‌ಸ್ಕಾಯಾ ಬಂದಾಗ ಅಖ್ಮಾತೋವಾ ಬಾಯಲ್ಲಿ ಟೀ, ಹವಾಮಾನ ಅಂತ ಏನೋ ಮಾತಾಡುತ್ತಾ, ಚೀಟಿಯ ಮೇಲೆ ಪದ್ಯ ಬರೆದು ಕೊಡುತ್ತಿದ್ದಳು. ಲಿಡಿಯಾ ಓದಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದಳು. ಆಮೇಲೆ ಬೆಂಕಿಕಡ್ಡಿ, ಆಶ್‌ಟ್ರೇ, ಬೂದಿ. ಆ ಭಯದ ಕಾಲದ ಬಗ್ಗೆ ಆಕೆ ಬರೆದ ಕವಿತೆಗಳ ಮಾಲೆ ‘ರೆಕ್ವಿಯಂ’ ಉಳಿದಿದ್ದು ಹೀಗೆ, ಕೆಲವೇ ಜನರ ನೆನಪಿನಲ್ಲಿ. ರಷ್ಯಾದಲ್ಲಿ ಅದು ಅಚ್ಚಾಗಿದ್ದು 1987ರಲ್ಲಿ. ಅಷ್ಟರಲ್ಲಿ ಆಕೆ ಹೋಗಿ 21 ವರ್ಷ ಆಗಿತ್ತು.

ನನಗೆ ಅಲ್ಲಿ ಕವಿ ಪಾಬ್ಲೊ ನೆರೂದ ನೆನಪಾದ. ಎರಡು ವರ್ಷದ ಹಿಂದೆ ಚಿಲಿಯಲ್ಲಿ, ಇಸ್ಲಾ ನೆಗ್ರಾದ ಕಡಲ ದಂಡೆಯ ಅವನ ಮನೆಗೆ ಹೋಗಿದ್ದೆ. ಇಬ್ಬರ ಹುಟ್ಟುಹೆಸರೂ ಬೇರೆ. ಪದ್ಯ ಬರೆದು ನನ್ನ ಹೆಸರು ಕೆಡಿಸಬೇಡ ಅಂದ ಅಪ್ಪನಿಗಾಗಿ ಅನ್ನಾ ಗೊರೆಂಕೊ ತಾಯಿ ಕಡೆಯ ಮುತ್ತಜ್ಜಿಯ ತಾತಾರ್ ಹೆಸರು ಹಿಡಿದಳು. ನೆರೂದನ ಅಪ್ಪನಿಗೂ ಕವಿತೆ ಅಂದರೆ ಆಗುತ್ತಿರಲಿಲ್ಲ. ಆದರೆ ಆ ಅಪ್ಪ ರೈಲ್ವೆ ನೌಕರ. ಹಳಿಗೆ ಜಲ್ಲಿ ಹೊರುವ ರೈಲಿನಲ್ಲಿ, ಮಳೆಯಲ್ಲಿ, ಕೂಲಿಗಳ ಜೊತೆ ಮಗನನ್ನೂ ಕರೆದೊಯ್ಯುತ್ತಿದ್ದ. ಮುಂದೆ ನೆರೂದ ದುಡಿಯುವವರ ಪರ ನಿಂತದ್ದರ ಬೇರು ಅಲ್ಲಿದೆ ಅಂತ ನನಗನ್ನಿಸುತ್ತೆ. 1936ರಲ್ಲಿ ಸ್ಪೇನಿನಲ್ಲಿ ಗೆಳೆಯ, ಕವಿ ಲೋರ್ಕಾನ ಕೊಲೆಯಾದ ಮೇಲಂತೂ ಅವನ ಎಡಪಂಥದ ದಾರಿ ಗಟ್ಟಿಯಾಯಿತು.

ಆ ದಾರಿ ಅವನನ್ನು ಸ್ಟಾಲಿನ್ ಹತ್ತಿರ ಒಯ್ದಿತು. ನಂಬಿಯೇ ಹೊಗಳಿ ಬರೆದ. 1953ರಲ್ಲಿ ಸ್ಟಾಲಿನ್ ಹೆಸರಿನ ಶಾಂತಿ ಬಹುಮಾನವೂ ಬಂತು. ಆಗ ಅಖ್ಮಾತೋವಾಳ ಮಗ ಲೆವ್ ಸೆರೆಶಿಬಿರದಲ್ಲಿದ್ದ. ಆಕೆಯೂ 1950ರಲ್ಲಿ ಸ್ಟಾಲಿನ್‌ನನ್ನು ಹೊಗಳಿ ಪದ್ಯ ಬರೆದಿದ್ದಳು, ಮಗನನ್ನು ಬಿಡಲಿ ಅಂತ. ಬಿಡಲಿಲ್ಲ. ಅವನು ಹೊರಬಂದಿದ್ದು 1956ರಲ್ಲಿ. ನೆರೂದನ ಮೇಲಿನ ನನ್ನ ಪ್ರೀತಿ ಕಡಿಮೆಯಾಗಿಲ್ಲ, ಆದರೆ ಈ ನೋವು ಅದರ ಜೊತೆಗೇ ಇದೆ.

ಸಂಜೆ ನೆವಾ ನದಿಯ ಕಡೆ ನಡೆದೆ. ಆಚೆ ದಡದಲ್ಲಿ ಕೆಂಪು ಇಟ್ಟಿಗೆಯ ಕ್ರೆಸ್ತಿ ಜೈಲು. ಹಿಂದೊಮ್ಮೆ ಸೆರೆಯಾಗಿದ್ದ ಮಗನಿಗಾಗಿ 17 ತಿಂಗಳು ಜೈಲಿನ ಮುಂದೆ ಸಾಲು ನಿಂತವಳು ಆಕೆ. ನನಗೆ ಸ್ಮಾರಕ ಕಟ್ಟುವುದಾದರೆ ಅಲ್ಲೇ ಕಟ್ಟಿ ಎಂದು ಬರೆದಿದ್ದಳು. 2006ರಲ್ಲಿ ಈಚೆ ದಡದಲ್ಲಿ, ಜೈಲಿಗೆ ಎದುರಾಗಿ, ಪ್ರತಿಮೆ ನಿಲ್ಲಿಸಿದ್ದಾರೆ.

ದಾರಿಯಲ್ಲಿ ಹೂ ಮಾರುವ ಅಜ್ಜಿಯ ಹತ್ತಿರ ಮೂರು ಕಾರ್ನೇಷನ್ ಕೇಳಿದ್ದೆ. ಯಾರಿಗೆ ಅಂದಳು. ಅಖ್ಮಾತೋವಾ ಅಂದೆ. ಸತ್ತವರಿಗೆ ಅಲ್ಲಿ ಸಮಸಂಖ್ಯೆಯ ಹೂ ಇಡಬೇಕು. ಅಜ್ಜಿ ಮಾತಾಡದೆ ಇನ್ನೊಂದು ಹೂ ಸೇರಿಸಿ ಕಟ್ಟಿದಳು. ಅದಕ್ಕೆ ದುಡ್ಡು ತೊಗೊಳ್ಳಲಿಲ್ಲ.